ಗೇನ್ ಇಳಿಸಿದವನಿಗೆ

ಬ್ಯಾಡಗಿ
೧೧-೩-೧೯೯೪

ಗೆಳೆಯ ಇಸ್ಮಾಯಿಲಸಾಬ,

ನಾನು ಕ್ಷೇಮ. ನೀನೂ ಕ್ಷೇಮವಾಗಿರು, ಬೈಸಿಕೊಳ್ಳಲು ಗಟ್ಟಿಯಾಗಿರಬೇಕಲ್ಲ. ನಿನ್ನ ಕಾರ್ಡು ಬಂದು ಇಪ್ಪತ್ತು ದಿನವಾಯಿತು. ತಡವಾದದ್ದಕ್ಕೆ ಕ್ಷಮೆ ಕೇಳಬೇಕು, ಕೇಳುವುದಿಲ್ಲ. ಮೂರು ಸಲ ಬರೆದು ಹರಿದೆ. ನಿಮ್ಮ ಅವ್ವ ಸಕೀನಾಬಿ ಚಾಚಿಗೆ ಮಾತ್ರ ನನ್ನ ಸಲಾಂ ಹೇಳು.

ಹಾವೇರಿಯ ಕಾಲೇಜು ಗ್ಯಾದರಿಂಗಿನಲ್ಲಿ ನನ್ನ ಗಿಟಾರಿನ ಆಂಪ್ಲಿಫಯರಿಗೆ ಕೈ ಹಾಕಲು ನಿನಗೆ ಯಾರು ಹೇಳಿದ್ದರು? ನಿನ್ನ ಕೆಲಸ ಮೈಕ್ ಸೆಟ್ ನೋಡಿಕೊಳ್ಳುವುದು. ಮೆಟಲ್ ಸಂಗೀತದ ಲೀಡ್ ಗಿಟಾರಿನ ಆ ದನಿಗಾಗಿ ನಾವಿಬ್ಬರೂ ಡಾಕಪ್ಪ ಮಾಮಾನ ಮೆಣಸಿನಕಾಯಿ ಗೋದಾಮಿನಲ್ಲಿ ಎರಡು ತಿಂಗಳು ಸೀನುತ್ತ ಕೂತಿದ್ದೆವು. ಗೇನಿನ ಗುಂಡಿ ಏರಿಸಿದಷ್ಟೂ ಗಿಟಾರಿನ ದನಿ ಒಡೆದು, ಉರಿದು, ಉದ್ದಕ್ಕೆ ಎಳೆಯುತ್ತಿತ್ತು. ಹತ್ತೇ ಇರಲಿ ಎಂದು ನಾನು ಹಟ ಹಿಡಿದೆ. ಸ್ವರಗಳು ಕಲೆಸಿಹೋಗದಂತೆ ದಪ್ಪ ದನಿಯ ಬಾಸ್ ಇಳಿಸಿದೆವು. "ಡ್ರಮ್ಮಿನ ನಡುವ ನಿನ್ನ ಲೀಡ್ ಕೇಳಬೇಕಂದ್ರ ಮಿಡ್ ಏರಸಬೇಕಲೇ ತಿರಕಾ" ಎಂದು ಕಲಿಸಿದವನು ನೀನೇ. ಚೂಪು ಸಾಲದೆಂದು ಟ್ರೆಬಲ್ಲನ್ನು ಒಂಬತ್ತಕ್ಕೆ ಒಯ್ದೆವು. ಅಂದು ನೀನು ಚೀಲದ ಮೇಲೆ ಹತ್ತಿ ಕುಣಿದೆ.

ಸುತ್ತ ಸೂರಿನವರೆಗೆ ಮೆಣಸಿನಕಾಯಿ ಚೀಲ. ಚೂಪು ದನಿಯನ್ನೆಲ್ಲ ಅವೇ ನುಂಗುತ್ತಿವೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಹಾವೇರಿಯ ಕಾಲೇಜು ಹಾಲಿನಲ್ಲಿ ಬರೀ ಗೋಡೆ, ಮೇಲೆ ತಗಡು. ಮೊದಲ ಸ್ವರಕ್ಕೇ ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ಒಪ್ಪುತ್ತೇನೆ. ಹಾಗಿದ್ದರೆ ಟ್ರೆಬಲ್ ಇಳಿಸಬೇಕಿತ್ತು! ಗೇನಿಗೆ ಯಾಕೆ ಕೈ ಹಾಕಿದೆ? ಅದೂ ನಾನು ಕಣ್ಣು ಮುಚ್ಚಿ ಬಾರಿಸುವಾಗ, ಒಂದು ಮಾತು ಕೇಳದೆ, ಹತ್ತರಿಂದ ಮೂರಕ್ಕೆ! ದನಿ ಸತ್ತೇ ಹೋಯಿತು. ಹಿಂದಿನಿಂದ ಯಾರೋ "ಏ, ಕರೆಂಟ್ ಹೋತೇನ್ರಿ?" ಎಂದು ಕೂಗಿದ. ಹಾಲಿಗೆ ಹಾಲೇ ನಕ್ಕಿತು. ನೀನೂ ನಕ್ಕೆ, ನಾನು ನೋಡಿದೆ.

ಈಗ ಕಾರ್ಡಿನಲ್ಲಿ ಬರೆಯುತ್ತೀ: "ಕಿರಚಾಕತ್ತಿತ್ತು, ಅದಕ್ಕ ಇಳಿಸೇನಿ. ಇಷ್ಟಕ್ಕ ಯಾಕ ಸಿಟ್ಟು? ರಾಣೇಬೆನ್ನೂರಿನ ಮದುವಿ ಪ್ರೋಗ್ರಾಂ ಐತಿ, ಲಗೂ ಬಾ." ಇಷ್ಟಕ್ಕೆ ಅಂತೆ! ಬರುವುದಿಲ್ಲ. ಬೇರೆ ಯಾರನ್ನಾದರೂ ಹುಡುಕಿಕೋ. ಆಂಪ್ಲಿಫಯರ್ ನಿನ್ನ ಹತ್ತಿರವೇ ಇದೆ, ಅವನಿಗೇ ಕೊಡು. ನನ್ನನ್ನು ಕರೆಯಲು ಬ್ಯಾಡಗಿಯ ಬಸ್ ಹತ್ತಬೇಡ. ಬಂದರೆ ಬಾಗಿಲು ತೆಗೆಯುವುದಿಲ್ಲ.

ನೀನು ನೂರು ವರ್ಷ ಬಾಳು. ದೇವರು ನಿನ್ನ ಆ ಕೈಗೆ ಬುದ್ಧಿ ಕೊಡಲಿ.

ಇಂತಿ,
ತಿರಕಪ್ಪ

ತಾ.ಕ.: ಹೊಸಬನಿಗೆ ಗೇನ್ ಆರು ಸಾಕು. ಹತ್ತು ಬೇಕಾದದ್ದು ನನಗೆ. ದೀಪಾವಳಿಯಿಂದ ನನ್ನ ಎಡಗೈಯ ಕೊನೆಯ ಎರಡು ಬೆರಳು ಜೋಮು ಹಿಡಿದಿವೆ, ತಂತಿಯನ್ನು ಪೂರ್ತಿ ಒತ್ತಲಾರವು. ಗೇನ್ ಹತ್ತಿದ್ದರೆ ಮುಟ್ಟಿದರೂ ಸಾಕು, ಸ್ವರ ತಾನೇ ಎಳೆದುಕೊಂಡು ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಹುಬ್ಬಳ್ಳಿಯ ಡಾಕ್ಟರು "ನರ ಹೋಗ್ಯಾವ, ಬಾರ್ಸೂದು ಬಿಟ್ಟಬಿಡ್ರಿ" ಅಂದರು. ನಾನು ನಂಬಿರಲಿಲ್ಲ. ನೀನು ಮೂರಕ್ಕೆ ಇಳಿಸಿದಾಗ, ಅಷ್ಟು ಜನರ ಮುಂದೆ, ನನ್ನ ಬೆರಳಿನಲ್ಲಿ ಏನೂ ಉಳಿದಿಲ್ಲವೆಂದು ನನಗೇ ಕೇಳಿಸಿತು.