ನಾನು ಕೇಳದ ಕ್ಷಮೆಯನ್ನು ಹಾಡಿಸಿದವರಿಗೆ

ಒಪೆರಾ ಮಂದಿರದ ನಿರ್ದೇಶಕರೇ,

ಬದುಕಿರುವ ನನ್ನ ತಂಗಿಯನ್ನು ನಿಮ್ಮ ವೇದಿಕೆಯ ಮೇಲೆ ಕೊಂದಿರಿ, ಸಹಿಸಿಕೊಂಡೆ. ಆದರೆ ಅವಳ ಹೆಣದ ಮುಂದೆ ನನ್ನನ್ನು ಮಂಡಿಯೂರಿಸಿ ಕ್ಷಮೆ ಕೇಳಿಸಿದಿರಲ್ಲ, ಯಾರನ್ನು ಕೇಳಿ ಮಾಡಿದಿರಿ?

ನಾನು ಹಳ್ಳಿ ಶಾಲೆಯಲ್ಲಿ ಮೂರನೇ ಕ್ಲಾಸು ಕಂಡವಳು. ಆದರೂ ತಾವು ಹಾಡಿನ ನಾಟಕ ಮಾಡಿಕೊಂಡ, ನನ್ನ ಮೊಮ್ಮಗಳು ಬರೆದ ಕಾದಂಬರಿಯನ್ನು ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಪೂರ್ತಿ ಓದಿದ್ದೇನೆ. ತಾವು ಓದಿದ್ದೀರೋ ಇಲ್ಲವೋ ಎಂಬ ಗುಮಾನಿ ನನಗಿದೆ. "ಹೆಸರು ಬದಲಾಯಿಸಿದೀನಿ ಅಜ್ಜಿ, ಯಾರಿಗೂ ಗೊತ್ತಾಗಲ್ಲ" ಎಂದಿದ್ದಳು. ಬೀದಿಯ ಬೆಕ್ಕಿಗೂ ಗೊತ್ತು, ಅದು ನನ್ನ ಮತ್ತು ತಂಗಿಯ ಕಥೆ. ಅಮ್ಮ ತೀರಿಕೊಂಡ ಮೇಲೆ, ನಾನು ಕೆಲಸಕ್ಕೆ ಹೋಗಿದ್ದಾಗ, ತಂಗಿ ಅಮ್ಮನ ಹೊಲಿಗೆ ಮಷೀನನ್ನು ಸಾಗಿಸಿದಳು. ಎಲ್ಲಿಗೆ? ಪಕ್ಕದಲ್ಲೇ ಇರುವ ತನ್ನ ಮನೆಗೆ. ಅಂದಿನಿಂದ ನಮಗೆ ಮಾತಿಲ್ಲ. ಕಾದಂಬರಿಯ ಕೊನೆಯಲ್ಲಿ ಗೋಡೆಯಾಚೆ ತಂಗಿ ಹೊಲಿಯುತ್ತಾಳೆ, ಈಚೆ ಅಕ್ಕ ಕೂತು ಆ ಸದ್ದು ಕೇಳುತ್ತಾಳೆ. ಅಷ್ಟೇ. ಯಾರೂ ಸಾಯುವುದಿಲ್ಲ, ಯಾರೂ ಯಾರ ಕಾಲಿಗೂ ಬೀಳುವುದಿಲ್ಲ.

ತಮ್ಮ ಉನ್ನತ ಅಭಿರುಚಿಗೆ ಇದು ಸಾಲಲಿಲ್ಲ. ಮಷೀನನ್ನು ಮನೆಯಷ್ಟು ದೊಡ್ಡದು ಮಾಡಿ ಹಗ್ಗ ಕಟ್ಟಿ ಮೇಲಿಂದ ಇಳಿಸಿದಿರಿ. ಅದರಲ್ಲಿ ಆನೆಗೆ ಅಂಗಿ ಹೊಲಿಯುವುದಿತ್ತೇ? ನೆಗಡಿಯೂ ಬಾರದ ನನ್ನ ತಂಗಿಗೆ ಕ್ಷಯ ಅಂಟಿಸಿದಿರಿ. ಕೆಮ್ಮಿದಳು, ಹಾಡಿದಳು, ಮತ್ತೆ ಕೆಮ್ಮಿದಳು, ಮತ್ತೂ ಹಾಡಿದಳು. ಅಷ್ಟು ಉಸಿರಿದ್ದವಳಿಗೆ ಸಾಯುವ ತುರ್ತೇನಿತ್ತು?

"ಇನ್ನೂ ಸತ್ತಿಲ್ವಾ?" ಎಂದು ಪಕ್ಕದಲ್ಲಿದ್ದ ನನ್ನ ಮಗ ಪಿಸುಗುಟ್ಟಿದ.

"ಸುಮ್ನಿರೋ, ನಿಮ್ ಚಿಕ್ಕಮ್ಮ ಯಾವ ಕೆಲ್ಸಾನೂ ಬೇಗ ಮುಗಿಸಿದವಳಲ್ಲ" ಎಂದೆ.

ಅದೇ ಚಿಕ್ಕಮ್ಮ ನಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದಳು, ತನ್ನ ಸಾವನ್ನು ಕತ್ತು ಉದ್ದ ಮಾಡಿ ನೋಡುತ್ತ. ಆಮೇಲೆ ನನ್ನ ಪಾತ್ರದ ಹೆಂಗಸು ಎದೆ ಬಡಿದುಕೊಂಡು "ತಪ್ಪೆಲ್ಲ ನನ್ನದೇ" ಎಂದು ಶುರುಮಾಡಿದಳು. ತಂಗಿ ನಿಧಾನವಾಗಿ ಹಿಂದೆ ತಿರುಗಿ ನನ್ನ ಮುಖ ನೋಡಿದಳು. ಕಣ್ಣು ಒದ್ದೆಯಾಗಿತ್ತು. ಇಡೀ ಮಂದಿರ ಎದ್ದು ನಿಂತು ಚಪ್ಪಾಳೆ ತಟ್ಟಿತು. ಯಾಕೆ? ನಾನು ಸೋತದ್ದಕ್ಕೆ!

ಮರುದಿನ ಯಾರೋ ಬಾಗಿಲು ಬಡಿದರು. ತಂಗಿ.

"ಅಷ್ಟು ಜನರ ಮುಂದೆ ಕೇಳ್ಕೊಂಡ್ಯಲ್ಲ ಅಕ್ಕ. ಹೋಗ್ಲಿ ಬಿಡು, ಕ್ಷಮಿಸ್ಬಿಟ್ಟೆ."

ಮಷೀನು ಒಯ್ದವಳು ನೀನು ಕಣೇ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಜನ್ಮದಲ್ಲಿ ಮೊದಲ ಬಾರಿಗೆ ನುಂಗಿಕೊಂಡೆ. "ಸಕ್ಕರೆ ಎಷ್ಟು ಹಾಕ್ಲಿ?" ಎಂದೆ.

"ಮರೆತ್ಬಿಟ್ಯಾ?"

ಮರೆತಿರಲಿಲ್ಲ.

ಈಗ ದಿನಾ ಬರುತ್ತಾಳೆ. ನನ್ನ ಕುರ್ಚಿಯಲ್ಲಿ ಕೂತು, ನನ್ನ ಚಹಾ ಕುಡಿದು, ದಿನಾ ನನ್ನನ್ನು ಕ್ಷಮಿಸುತ್ತಾಳೆ. "ಪಾಪ, ನಮ್ಮಕ್ಕ ಎಷ್ಟು ಅತ್ತಳು!" ಎಂದು ಓಣಿಗೆಲ್ಲ ಸಾರುತ್ತಾಳೆ. ಆ ಹಾಡು ನನ್ನದಲ್ಲ ಎಂದು ನಾನು ಒಂದು ಮಾತು ಅಂದರೆ ಸಾಕು, ಲೋಟ ಕೆಳಗಿಟ್ಟು ಗೋಡೆಯಾಚೆ ಹೋಗಿಬಿಡುತ್ತಾಳೆ. ಇನ್ನೊಂದು ಸಲ ಮಾತು ಬಿಡುವಷ್ಟು ಆಯಸ್ಸು ನಮ್ಮಿಬ್ಬರಿಗೂ ಉಳಿದಿಲ್ಲ. ನನ್ನನ್ನು ಇಂಥ ಇಕ್ಕಟ್ಟಿಗೆ ಸಿಕ್ಕಿಸಿ ತಾವು ಮಾತ್ರ ಹೂಗುಚ್ಛ ಹಿಡಿದು ನಗುತ್ತ ನಿಂತಿರಿ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ನನ್ನ ಕ್ಷಮೆಯ ಹಾಡನ್ನು ತೆಗೆಯಬೇಡಿ. ಕೈಮುಗಿಯುತ್ತೇನೆ, ಅದರ ತಂಟೆಗೆ ಹೋಗಬೇಡಿ. ಆದರೆ ತಂಗಿ ಸಾಯುವ ಮುಂಚೆ ಅವಳಿಗೂ ಒಂದು ಹಾಡು ಸೇರಿಸಿ: "ಅಕ್ಕಾ, ಮಷೀನು ಒಯ್ದದ್ದು ತಪ್ಪಾಯಿತು." ಉಸಿರಂತೂ ಬೇಕಾದಷ್ಟಿದೆ. ಅವಳನ್ನು ನಾನೇ ಕರೆತಂದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಆ ಸಲ ತಿರುಗಿ ನೋಡುವವಳು ನಾನು. ಮರುದಿನ ಅವಳ ಮನೆಗೆ ಹೋಗಿ, ಅವಳ ಕುರ್ಚಿಯಲ್ಲಿ ಕೂತು, ಅವಳ ಚಹಾ ಕುಡಿಯುತ್ತ ನಾನೂ ಒಮ್ಮೆ ಕ್ಷಮಿಸಬೇಕು.

ಇಂತಿ,
ನಿಮ್ಮ ವೇದಿಕೆಯಲ್ಲಿ ಅತ್ತು, ಮನೆಯಲ್ಲಿ ಚಹಾ ಕಾಸುತ್ತಿರುವ
ಅಕ್ಕ