ಕಿಟಕಿ ಕಡೆಯಿಂದ ಬರೋ ನಾಯಿ

ಫೆಬ್ರವರಿ 2, ಸಂಜೆ

ಮತ್ತೆ ಸತ್ವಿ. ಅದೇ ಸೇತುವೆ, ಅದೇ ಬೂದಿ ನಾಯಿಗಳು. ಅಣ್ಣ ಕಂಟ್ರೋಲರ್ ತೊಡೆ ಮೇಲೆ ಹಾಕ್ಕೊಂಡು, "ನೀನು ಕೂಗೋದೇ ಲೇಟು ಮರಿ" ಅಂದ. ನಾನು ಲೇಟಾ! "ಕಿಟಕಿ, ಕಿಟಕಿ" ಅಂತ ಗಂಟಲು ಹರಿಯೋ ಹಾಗೆ ಕೂಗಿದೀನಿ. ಪಕ್ಕದ ರೂಮಲ್ಲಿ ಅಮ್ಮ ಹೊಲಿಗೆ ಮಷಿನ್ ನಿಲ್ಲಿಸಿ, "ಯಾರಾದ್ರೂ ಬಿದ್ರೇನ್ರೋ?" ಅಂದ್ಲು.

ಗೇಮ್ ಆಡೋರ ನಮ್ಮ ಆನ್‌ಲೈನ್ ಗುಂಪಲ್ಲಿ 'ಬಾಟಲ್' ಅನ್ನೋ ಅಡ್ಡಹೆಸರಿನೋನು ಕೇಳ್ತಾನೆ — ಮೈಕಲ್ಲಿ ನೀವಿಬ್ರೂ ಯಾವಾಗ್ಲೂ ಕಿಟಕಿ, ಬಾಗಿಲು ಅಂತಿರ್ತೀರಲ್ಲ, ಮನೆ ಮಾರಾಟಕ್ಕಿದ್ಯಾ? ಹೇಳ್ದೆ. ಚಿಕ್ಕೋಳಿದ್ದಾಗ ನಂಗೆ ಎಡ ಬಲ ತಲೆಗೆ ಹತ್ತುತ್ತಿರಲಿಲ್ಲ. ನಮ್ಮ ಟಿವಿ ಎಡಗಡೆ ಕಿಟಕಿ, ಬಲಗಡೆ ಬಾಗಿಲು. ಅಣ್ಣ ಹಾಗೇ ಹೇಳ್ಕೊಟ್ಟ. ಹಾಗೇ ಉಳೀತು. ಬಾಟಲ್ ನಗೋ ಮುಖಗಳನ್ನ ಸುರಿದ. ಸುರೀಲಿ.

ದೊಡ್ಡ ಸುದ್ದಿ ಬೇರೆ ಇದೆ. ನಾವಾಡೋ ಈ ಗೇಮು, 'ಬೂದಿಕೋಟೆ', ಹೇಗಿದೆ ಅಂತ ಗುಂಪಿಗೆ ನಾನೇ ವಿಮರ್ಶೆ ಬರೀಬೇಕಂತೆ! ಮುದುಕಪ್ಪ ಹೇಳಿದ್ದು. ಅಡ್ಮಿನ್ ಅವನೇ — ಮೀಸೆ ಈಗಷ್ಟೇ ಚಿಗುರ್ತಿದೆ, ಮಾತು ಮಾತ್ರ ಪೆನ್ಶನ್ ತಗೊಳ್ಳೋರ ಥರ. ಚೆನ್ನಾಗಿದ್ರೆ ಎಲ್ಲರಿಗೂ ಮೇಲೇ ಕಾಣೋ ಹಾಗೆ ಪಿನ್ ಮಾಡ್ತಾನಂತೆ. ರೂಲು ಗೊತ್ತಲ್ಲ — ಮೆಚ್ಚಿದ್ದು ಇಷ್ಟು, ಚುಚ್ಚಿದ್ದು ಇಷ್ಟು. ಬರೀ ಹೊಗಳಿದ್ರೆ ಒದ್ದು ಹೊರಗೆ.

ಮೆಚ್ಚಿದ್ದು: ಏಟಿಗೆ ತೂಕ ಇದೆ. ಅಣ್ಣನ ದೊಡ್ಡ ಕತ್ತಿ ತಗುಲಿದ್ರೆ ನಾಯಿ ಒಂದು ಕ್ಷಣ ಗಾಳೀಲಿ ನಿಂತುಬಿಡತ್ತೆ. ಆಮೇಲೆ ಬೀಳತ್ತೆ. ಆ ನಿಲ್ಲೋದು ಇದ್ಯಲ್ಲ... ಅದೇ ಗೇಮು. ಅದಿಲ್ಲದ ಗೇಮಲ್ಲಿ ಕತ್ತಿ ಬೀಸೋದೂ ಒಂದೇ, ಪೊರಕೆ ಬೀಸೋದೂ ಒಂದೇ.

ಇನ್ನೊಂದು: ಮೋಸ ಇಲ್ಲ. ಯಾವನೇ ಹೊಡೆಯೋ ಮುಂಚೆ ಸುಳಿವು ಕೊಡ್ತಾನೆ. ಭುಜ ಎತ್ತುತ್ತಾನೆ, ಇಲ್ಲ ಉಸಿರು ಎಳೀತಾನೆ. ನೋಡ್ಕೊಂಡ್ರೆ ತಪ್ಪಿಸ್ಕೋಬೋದು. ಸತ್ರೆ ನಮ್ಮ ತಪ್ಪೇ.

ಚುಚ್ಚಿದ್ದು: ಇನ್ನೂ ಹುಡುಕ್ತಿದೀನಿ.

ಫೆಬ್ರವರಿ 5, ಸಂಜೆ

ಸಿಕ್ತು. ಗೇಮಿನ ಕ್ಯಾಮೆರಾ!

ಇವತ್ತೂ ಅಣ್ಣ ಸತ್ತಿದ್ದು ಪಕ್ಕದಿಂದ ಬಂದ ನಾಯಿಗೆ. "ಎಲ್ಲಿತ್ತೇ ಅದು? ಕಾಣಲೇ ಇಲ್ವಲ್ಲೇ!" ಅಂದ. ಎದುರು ಬಂದೋರನ್ನೆಲ್ಲ ಕೊಚ್ಚಿ ಹಾಕ್ತಾನೆ. ನಂಗಿಂತ ಎಷ್ಟೋ ವಾಸಿ ಅವನು. ನಂಗೆ ಬಟನ್ ಹಿಡಿಯೋದು ಕಲಿಸಿದ್ದೇ ಅವನು. ಅವನಿಗೇ ಕಾಣ್ತಿಲ್ಲ ಅಂದ್ರೆ ಗೇಮಿನ ಕ್ಯಾಮೆರಾ ಆಳಿನ ಮೂತಿಗೆ ತೀರಾ ಹತ್ರ ಇದೆ, ಅಕ್ಕಪಕ್ಕ ತೋರಿಸಲ್ಲ, ಅಷ್ಟೇ.

ಬರೆದು ಹಾಕ್ದೆ. "ಇಷ್ಟು ಒಳ್ಳೇ ಗೇಮಿಗೆ ಕುದುರೆ ಕಣ್ಣುಪಟ್ಟಿ ಕಟ್ಟಿದ್ದು ಯಾವ ಮಹಾನುಭಾವ?" — ಈ ಸಾಲು ನಂಗೇ ತುಂಬಾ ಇಷ್ಟ ಆಯ್ತು.

ಅಣ್ಣ ಓಡಿಸೋ ಬೇಕರಿ ವ್ಯಾನಿನ ಎಡಗನ್ನಡಿ ಹೋಗಿದೆ. ಬ್ರೆಡ್ ಇಳಿಸೋಕೆ ಹೋದಾಗ ಗೇಟಿನ ಕಂಬಕ್ಕೆ ತಗುಲಿತಂತೆ. "ಕಂಬ ಯಾರೋ ಮುಂದೆ ತಂದಿಟ್ಟಿದ್ರು" ಅಂತ ಅಣ್ಣ ಜೋಕ್ ಮಾಡ್ದ. ಓನರ್ ನಗಲಿಲ್ವಂತೆ.

ಫೆಬ್ರವರಿ 6

ಗುಂಪಲ್ಲಿ ಬೆಂಕಿ.

ಬಾಟಲ್: ಕ್ಯಾಮೆರಾ ಸರಿಯಾಗೇ ಇದೆ ತಾಯಿ. ನೀನು ಟಿವಿಗೆ ಮುತ್ತು ಕೊಡ್ತಾ ಆಡ್ತೀಯಾ?

ನಾನು: ಕಂಟ್ರೋಲರ್ ಕೇಬಲ್ ಗಿಡ್ಡ ಕಣೋ, ಹತ್ರ ಕೂತೇ ಆಡ್ಬೇಕು. ಆದ್ರೂ ನಂಗೆ ಕಾಣತ್ತೆ. ಅಣ್ಣಂಗೆ ಕಾಣಲ್ಲ.

ಬಾಟಲ್: ಹಾಗಾದ್ರೆ ಚುಚ್ಚಿದ್ದು — ನಿಮ್ಮಣ್ಣ.

ಮುದುಕಪ್ಪ: ಜಗಳ ಸಾಕು. ಕ್ಲಿಪ್ ಹಾಕು. ಕ್ಯಾಮೆರಾ ತಪ್ಪಿದ್ರೆ ಕ್ಲಿಪ್ಪಲ್ಲೇ ಕಾಣತ್ತೆ.

ಹಾಕ್ತೀನಿ. ನಾಳೇನೇ ರೆಕಾರ್ಡ್ ಮಾಡಿ ಇಬ್ರ ಬಾಯೂ ಮುಚ್ಚಿಸ್ತೀನಿ.

ಫೆಬ್ರವರಿ 8, ಮಧ್ಯಾಹ್ನ

ಕ್ಲಿಪ್ ನೋಡ್ದೆ. ಹಾಕಲಿಲ್ಲ.

ನಾಯಿ ಇದೆ. ಕಿಟಕಿ ಕಡೆ, ಪರದೆ ಅಂಚಲ್ಲಿ. ಪೂರ್ತಿ ಕಾಣತ್ತೆ — ಕಿವಿ, ಬಾಲ, ಕೆಂಪು ಕಣ್ಣು. ನಿಧಾನವಾಗಿ ಬಗ್ಗತ್ತೆ. ಕಾಲು ಕೆರೆಯತ್ತೆ. ಗೇಮು ಎಷ್ಟು ಸುಳಿವು ಕೊಡಬೇಕೋ ಅಷ್ಟೂ ಕೊಡತ್ತೆ. ಆ ಹೊತ್ತಿಗೆ ಅಣ್ಣನ ಆಳು ಆರಾಮಾಗಿ ಎದುರು ನೋಡ್ಕೊಂಡು ನಿಂತಿದ್ದಾನೆ. ತಿರುಗೋದೇ ಇಲ್ಲ. ನನ್ನ ದನಿ ಕೇಳತ್ತೆ, "ಕಿಟಕಿ!" ಆಗ ತಿರುಗ್ತಾನೆ. ನಾಯಿ ನೆಗೆದಾಗಿದೆ.

ಬಾಗಿಲು ಕಡೆಯದ್ದೂ ನೋಡ್ದೆ. ಅದೂ ಅಷ್ಟೇ.

ನಾನು ಕೂಗದೇ ಇದ್ದಾಗ ಅವನು ಒಂದ್ಸಲವೂ ತಿರುಗಿಲ್ಲ.

ಕ್ಯಾಮೆರಾದಲ್ಲಿ ಏನೂ ತಪ್ಪಿಲ್ಲ.

ಫೆಬ್ರವರಿ 9

ಮನೇಲಿದ್ದಷ್ಟು ಹೊತ್ತೂ ಅವನನ್ನೇ ನೋಡ್ತಿದ್ದೆ. ಅಮ್ಮ ಪಕ್ಕದಿಂದ ನೀರಿನ ಲೋಟ ಚಾಚಿದ್ಲು, ಮೊಣಕೈಯಲ್ಲಿ ಬೀಳಿಸ್ದ. "ಕಣ್ಣೆಲ್ಲಿಟ್ಟಿದ್ದೀಯೋ?" ಅಂದ್ಲು ಅಮ್ಮ. ಸುಮ್ನೆ ಅನ್ನೋ ಮಾತು ಅದು. ನಾನು ನೆಲ ಒರೆಸೋಕೆ ಬಗ್ಗಿದೆ.

ಅವನ ಭುಜದಲ್ಲಿ ಕಂದಿದ ಗಾಯ. ಬಾಗಿಲ ಚೌಕಟ್ಟು ಬಡಿದದ್ದು. ಅದನ್ನೂ ಯಾರೋ ಮುಂದೆ ತಂದಿಟ್ರು ಅಂತಾನೆ.

ಬೆಳಿಗ್ಗೆ ವ್ಯಾನ್ ತಗೊಂಡು ಹೊರಟ. ಸ್ಕೂಲಿನ ತಿರುವಲ್ಲೇ ಹೋಗ್ಬೇಕು. ಮಕ್ಕಳು ಪಕ್ಕದಿಂದಾನೇ ಅಲ್ವಾ ಓಡಿ ಬರೋದು...

ಫೆಬ್ರವರಿ 10, ಸಂಜೆ

ಹೇಳ್ದೆ. ಕ್ಲಿಪ್ ತೋರಿಸ್ದೆ. ಒಳ್ಳೇ ರೀತೀಲೇ ಹೇಳ್ದೆ.

"ಅಯ್ಯೋ, ಗೇಮ್ ನೋಡಿ ಕಣ್ಣು ಪರೀಕ್ಷೆ ಮಾಡೋ ಡಾಕ್ಟರಮ್ಮ ಬಂದ್ಲು ನೋಡಮ್ಮಾ!"

"ಅಣ್ಣಾ, ತಮಾಷೆ ಅಲ್ಲ. ನಾಯಿ ಅಷ್ಟು ಚೆನ್ನಾಗಿ ಕಾಣ್ತಿದೆ."

"ಸುಸ್ತಾಗಿರತ್ತೆ ಕಣೇ. ಬೆಳಗಾಗೋ ಮುಂಚೆ ಎದ್ದು ಬ್ರೆಡ್ ತುಂಬಿಸಿ ನೋಡು ಒಂದಿನ."

"ಕನ್ನಡಿ ಒಡೆದಿದ್ದು?"

ಮುಖ ಗಟ್ಟಿ ಆಯ್ತು. "ಗೇಮ್ ಬೇರೆ, ವ್ಯಾನ್ ಬೇರೆ. ವ್ಯಾನಲ್ಲಿ ಯಾರೂ ನೆಗೆಯಲ್ಲ."

"ನೆಗೆದ್ರೆ?"

ಕಂಟ್ರೋಲರ್ ಕೆಳಗಿಟ್ಟ. ಎಸೀಲಿಲ್ಲ, ಇಟ್ಟ. ಅದೇ ಜಾಸ್ತಿ ನೋವಾಯ್ತು. "ಇನ್ಮೇಲೆ ನೀನೊಬ್ಬಳೇ ಆಡು" ಅಂದ. ಅಮ್ಮ ಮಷಿನ್ ನಿಲ್ಲಿಸಿ ಬಾಗಿಲಲ್ಲಿ ನಿಂತಿದ್ಲು. ಆಮೇಲೆ ಅಡಿಗೆಮನೇಲಿ ಮೆಲ್ಲಗೆ ಕೇಳಿದ್ಲು, "ನಿಜಾನಾ?" ಹೂಂ ಅಂದೆ. "ನಾನು ಡಾಕ್ಟರ ಹತ್ರ ಹೋಗು ಅಂದ್ರೆ ಹೋಗಲ್ಲ ಅವ್ನು. ಅವನಿಗೇ ಗೊತ್ತಾಗ್ಬೇಕು" ಅಂದ್ಲು.

ಹೇಗೆ ಗೊತ್ತಾಗತ್ತೆ? ಕಾಣದೇ ಇರೋದು ಕಾಣ್ತಿಲ್ಲ ಅಂತ ಕಾಣೋದು ಹೇಗೆ?

ಫೆಬ್ರವರಿ 17

ಇಷ್ಟು ದಿನ ಏನೂ ಬರೀಲಿಲ್ಲ. ಬರೆಯೋಕೇನಿತ್ತು. ಮಾತಾಡ್ತಾನೆ, ಉಪ್ಪು ಕೊಡು, ಬಟ್ಟೆ ಒಣಗಿದ್ಯಾ... ಅಷ್ಟೇ.

ಒಬ್ಬಳೇ ಆಡಿದೆ. ಅಣ್ಣನ ಜಾಗಕ್ಕೆ ಗೇಮು ತಾನೇ ಒಬ್ಬ ಆಳನ್ನ ಕೊಡತ್ತೆ. ಒಳ್ಳೇ ಆಳು. ಸಾಯಲ್ಲ, ಬೈಯಲ್ಲ, ಹೇಳಿದಲ್ಲಿ ನಿಲ್ತಾನೆ. ಸೇತುವೆ ದಾಟಿಬಿಟ್ವಿ. ದಾಟಿ ಏನ್ ಮಾಡ್ಲಿ. ಹಿಂದೆ ತಿರುಗಿ ನೋಡಿದ್ರೆ ಆ ಆಳು ಸುಮ್ನೆ ಉಸಿರಾಡ್ತಾ ನಿಂತಿದ್ದ.

ಚುಚ್ಚಿದ್ದು: ಗೆದ್ದಾಗ ಬೆನ್ನಿಗೆ ಗುದ್ದೋಕೆ ಯಾರೂ ಇಲ್ಲ.

ಸ್ಕೂಲ್ ತಿರುವಲ್ಲಿ ವ್ಯಾನ್ ನೋಡ್ದೆ, ಕಾಲೇಜಿಗೆ ಹೋಗ್ವಾಗ. ಒಂದು ಪುಟಾಣಿ ಹುಡುಗಿ ಕೊಡೆ ಹಿಡ್ಕೊಂಡು ಪಕ್ಕದಿಂದ ಇಳಿದ್ಲು. ವ್ಯಾನ್ ನಿಧಾನ ಆಗಲೇ ಇಲ್ಲ. ಅವಳೇ ಹಿಂದಕ್ಕೆ ಹಾರಿದ್ಲು. ನಾನು ರಸ್ತೆ ಆಚೆಯಿಂದ "ಬಾಗಿಲು!" ಅಂತ ಕಿರುಚಿದೆ. ಜನ ನನ್ನ ಮುಖ ನೋಡಿದ್ರು. ಗಾಜು ಏರಿಸಿತ್ತು, ಅವನಿಗೆ ಕೇಳಿರಲ್ಲ.

ಹೀಗೆ ಬಿಡೋಕಾಗಲ್ಲ.

ಫೆಬ್ರವರಿ 19, ಮಧ್ಯಾಹ್ನ

ಇದನ್ನ ಈಗಲೇ ಬರೀಬೇಕು.

ಅವನಿಗೆ ಕಾಣೋದು ಎಷ್ಟು ಅಂತ ನಂಗೆ ನೋಡ್ಬೇಕಿತ್ತು. ಕಪ್ಪು ಚಾರ್ಟ್ ಪೇಪರ್ ಕತ್ತರಿಸಿ ಟಿವಿಯ ಎರಡೂ ಅಂಚಿಗೆ ಅಂಟಿಸ್ದೆ. ನಡುವೆ ಮಾತ್ರ ಪರದೆ. ಬಿಸಿಲು ಬೀಳ್ಬಾರ್ದು ಅಂತ ಕರ್ಟನ್ ಎಳೆದೆ. ಸೇತುವೆಗೆ ಹೋದೆ. ಮೊದಲ ನಾಯಿಗೇ ಸತ್ತೆ. ಮತ್ತೆ ಸತ್ತೆ. ನಾಯಿ ಇರಲೇ ಇಲ್ಲ, ಆಮೇಲೆ ಗಂಟಲಿಗೇ ಬಾಯಿ ಹಾಕಿತ್ತು. ಅಣ್ಣ ದಿನಾ ಇದರಲ್ಲಿ ಇಷ್ಟು ದೂರ ಬಂದಿದ್ನಾ? ಯಾರಪ್ಪಾ ಇವ್ನು, ದೊಡ್ಡ ಆಟಗಾರ.

ಅಷ್ಟರಲ್ಲಿ ಅವನೇ ಬಂದ. ಊಟಕ್ಕೆ ಬಂದಿದ್ದ. ನಾನು ಪೇಪರ್ ಕಿತ್ತು ಹಾಕೋಣ ಅಂತ ಎದ್ದೆ. ಎದ್ದೋಳು ಹಾಗೇ ಕೂತೆ.

ಯಾವಾಗ್ಲೂ ಕೂರೋ ಜಾಗದಲ್ಲಿ, ನನ್ನ ಪಕ್ಕದಲ್ಲಿ ಕೂತ. ಸ್ವಲ್ಪ ಹೊತ್ತು ನೋಡಿದ. ನಾನು ಸತ್ತೆ.

"ಕಿಟಕಿ ಕಡೆಯಿಂದ ಬಂತಾ?"

"ಹೂಂ."

"ನೋಡ್ದ್ಯಾ? ನಿಂಗೂ ಕಾಣಲಿಲ್ಲ. ನೀನೇ ಬರೆದಿದ್ಯಲ್ಲ, ಕ್ಯಾಮೆರಾ ಸರಿ ಇಲ್ಲ." ಎಷ್ಟು ದಿನದ ಮೇಲೆ ನಕ್ಕ. "ಇನ್ನೊಂದ್ಸಲ ಆಡು."

ಆಡಿದೆ. ಸತ್ತೆ. ಅವನು ಟಿವಿ ನೋಡ್ತಾನೇ ಇದ್ದ. ಪೇಪರ್ ಬಗ್ಗೆ ಒಂದು ಮಾತೂ ಇಲ್ಲ.

ನಾನು ಅವನ ಕೈ ಹಿಡ್ಕೊಂಡೆ. ಎಳ್ಕೊಂಡು ಹೋಗಿ ಟಿವಿ ಅಂಚಲ್ಲಿ ಇಟ್ಟೆ, ಪೇಪರ್ ಮೇಲೆ. ಬೆರಳಿಂದ ಸವರಿದ. ಟೇಪು ಸಿಕ್ತು. ಕತ್ತು ತಿರುಗಿಸಿ ನೋಡಿದ. ಆಮೇಲೆ ಇನ್ನೊಂದು ಕಡೆಯ ಪೇಪರನ್ನ ತಾನೇ ಹೋಗಿ ಮುಟ್ಟಿದ.

"ಇದು... ನಾನು ಬಂದಾಗ್ಲೇ ಇತ್ತಾ?"

"ಇತ್ತು ಅಣ್ಣಾ."

ಟಿವಿ ಮೇಲೆ ಕೈ ಇಟ್ಕೊಂಡೇ ನಿಂತಿದ್ದ. ಗೇಮಿನ ನಾಯಿಗಳು ಗುರ್ ಅಂತಾನೇ ಇದ್ವು. ಆಫ್ ಮಾಡೋಕೂ ತೋಚಲಿಲ್ಲ ನಂಗೆ.

"ಕೊಡೆ ಹಿಡಿದ ಮಗು ಒಂದಿತ್ತು ಮೊನ್ನೆ" ಅಂದ. "ದಾಟಿದ ಮೇಲೆ ಕನ್ನಡೀಲಿ ಕಾಣಿಸ್ತು. ಎಲ್ಲಿಂದ ಬಂತು ಅಂತ ಗೊತ್ತಾಗಲಿಲ್ಲ. ಯಾರಿಗೂ ಹೇಳಲಿಲ್ಲ."

ಅಮ್ಮ ಊಟಕ್ಕೆ ಕರೆದ್ಲು. ಯಾರೂ ಹೋಗಲಿಲ್ಲ. ಅವಳೇ ಬಂದು ನೋಡಿದ್ಲು — ಪೇಪರು, ನಾನು, ಅವನು. ತಟ್ಟೆ ಇಲ್ಲಿಗೇ ತಂದುಕೊಟ್ಲು.

ಫೆಬ್ರವರಿ 20

ವ್ಯಾನ್ ಕೀ ಓನರ್‌ಗೆ ಕೊಟ್ಟು ಬಂದ. ನಡ್ಕೊಂಡು ಬಂದ.

ಫೆಬ್ರವರಿ 24, ಸಂಜೆ

ಕಣ್ಣಾಸ್ಪತ್ರೆ. ನಾನೂ ಅಮ್ಮನೂ ಜೊತೇಲಿ.

ಒಂದು ಮಷಿನ್ ಇದೆ. ದೊಡ್ಡ ಬಿಳೀ ಬೋಗುಣಿ ಥರ. ಅದರೊಳಗೆ ಮುಖ ಇಟ್ಟು ನಡುವಿನ ಚುಕ್ಕಿ ಮಾತ್ರ ನೋಡ್ಬೇಕು. ಸುತ್ತ ಎಲ್ಲಾದ್ರೂ ಬೆಳಕು ಮಿಣುಕಿದ್ರೆ ಕೈಯಲ್ಲಿರೋ ಬಟನ್ ಒತ್ಬೇಕು. ಅಣ್ಣ ಬಟನ್ ಹಿಡ್ಕೊಂಡು, "ಇದಕ್ಕೆ ಎರಡನೇ ಕಂಟ್ರೋಲರ್ ಇಲ್ವಾ ಮೇಡಂ? ನನ್ನ ತಂಗಿ ಕೂಗ್ತಾಳೆ" ಅಂದ. ಟೆಸ್ಟ್ ಮಾಡೋ ಮೇಡಂ ನಕ್ಕು, "ಯಾರೂ ಮಾತಾಡೋ ಹಾಗಿಲ್ಲ" ಅಂದ್ರು.

ಮೂಲೇಲಿ ಕೂತೆ. ಬಟನ್ ಟಿಕ್ ಅನ್ನೋದು ಕೇಳತ್ತೆ. ಟಿಕ್. ಟಿಕ್. ಆಮೇಲೆ ಏನೂ ಇಲ್ಲ. ತುಂಬಾ ಹೊತ್ತು ಏನೂ ಇಲ್ಲ. ಬೆಳಕು ಬರ್ತಾನೇ ಇರತ್ತೆ, ಅವನು ಒತ್ತುತ್ತಿಲ್ಲ — ನಂಗೆ ಗೊತ್ತು. ಬಾಯಿಗೆ ದುಪಟ್ಟಾ ತುರುಕ್ಕೊಂಡಿದ್ದೆ.

ಟೆಸ್ಟಿನ ಚಿತ್ರ ಬಂತು. ಅವನಿಗೆ ಕಾಣೋದು ನಡುವೆ ಬಿಳಿ, ಕಾಣದ್ದು ಸುತ್ತ ಕಪ್ಪು. ನನ್ನ ಚಾರ್ಟ್ ಪೇಪರೇ. ಸ್ವಲ್ಪ ಒರಟಾಗಿ ಕತ್ತರಿಸಿದ್ದು ಅಷ್ಟೇ ವ್ಯತ್ಯಾಸ.

ಕಣ್ಣೊಳಗಿನ ಒತ್ತಡವಂತೆ. ನರ ಒಣಗಿಸ್ತಾ ಬಂದಿದೆ. "ನೋವಿರಲ್ಲ, ಕೆಂಪಾಗಲ್ಲ. ಸುಳಿವೇ ಕೊಡಲ್ಲ ಇದು" ಅಂದ್ರು ಡಾಕ್ಟರು. "ಹೋಗಿರೋದು ವಾಪಸ್ ಬರಲ್ಲಮ್ಮ. ಉಳಿದಿರೋದನ್ನ ಉಳಿಸ್ಕೋಬೇಕು. ಜೀವನಪೂರ್ತಿ ಡ್ರಾಪ್ಸ್. ಒಂದಿನವೂ ತಪ್ಪಿಸೋ ಹಾಗಿಲ್ಲ." ಡ್ರೈವಿಂಗ್? ತಲೆ ಅಲ್ಲಾಡಿಸಿದ್ರು. ಅಮ್ಮ ಅವನ ಅಂಗಿ ತುದಿ ಹಿಡ್ಕೊಂಡಿದ್ಲು, ಚಿಕ್ಕ ಮಕ್ಕಳದ್ದು ಹಿಡ್ಕೊಳ್ಳೋ ಹಾಗೆ.

ಸುಳಿವು ಕೊಡದೇ ಹೊಡೆಯೋ ವೈರಿಯನ್ನ ಇಟ್ಟ ಗೇಮಿಗೆ ನಮ್ಮ ಗುಂಪಲ್ಲಿ ಮೋಸ ಅಂತೀವಿ. ಒಂದೇ ಸಾಲಲ್ಲಿ ಮುಗಿಸ್ತೀವಿ — ಯಾರೂ ಆಡ್ಬೇಡಿ. ಇಲ್ಲಿ ಯಾರಿಗೆ ಬರೀಲಿ? ಸತ್ರೆ ನಮ್ಮ ತಪ್ಪೇ ಅಂತ ಬರೆದಿದ್ದೆ. ಅಣ್ಣ ಏನು ತಪ್ಪು ಮಾಡ್ದ?

ಮಾರ್ಚ್ 15

ಅಣ್ಣ ಈಗ ಬೇಕರಿ ಒಳಗೆ. ಪ್ಯಾಕಿಂಗ್. ಮೊದಲ ವಾರ ಯಾರ ಜೊತೇನೂ ಮಾತಾಡ್ತಿರಲಿಲ್ಲ. ಅವನ ವ್ಯಾನ್ ಬೇರೆಯೋನು ಓಡಿಸ್ತಾನೆ. ಅದು ಹೊರಡೋ ಸದ್ದಿಗೆ ಕೆಲಸ ನಿಲ್ಲಿಸ್ತಾನಂತೆ.

ಡ್ರಾಪ್ಸ್ ನಾನು ಹಾಕ್ತೀನಿ. ತಲೆ ಹಿಂದಕ್ಕೆ ಹಾಕಿ, "ಗುರಿ ನೋಡೇ ಬಿಲ್ಲುಗಾತಿ, ಮೂಗಿಗೆ ಬಿಡ್ತೀಯಾ" ಅಂತಾನೆ.

ಇವತ್ತು ತಾನಾಗೇ ಕಂಟ್ರೋಲರ್ ತಗೊಂಡ. "ಸೇತುವೆ ನನ್ನ ಬಿಟ್ಟು ದಾಟಿದ್ಯಂತೆ" ಅಂದ. ಯಾರು ಹೇಳಿದ್ರು? ಬಾಟಲ್! ಇಬ್ರೂ ಮಾತಾಡ್ತಾರಂತೆ. ಕ್ಯಾಮೆರಾ ಜಗಳ ಹೇಗೆ ಮುಗೀತು ಅಂತ ಅಣ್ಣನೇ ಅವನಿಗೆ ಹೇಳಿದ್ನಂತೆ. ಅದಕ್ಕೇ ಅವನು ಒಂದು ಉದ್ದ ಕೇಬಲ್ ಕಳ್ಸಿದ್ದಾನೆ. ಜೊತೆಗೆ ಚೀಟಿ — "ಹಿಂದೆ ಕೂತು ಆಡಿ. ಟಿವಿಗೆ ಮುತ್ತು ಸಾಕು." ದೂರ ಕೂತ್ರೆ ಪರದೆ ಚಿಕ್ಕದಾಗತ್ತೆ, ಆಸ್ಪತ್ರೆ ಚಿತ್ರದ ಅಣ್ಣನ ಬಿಳಿಯೊಳಗೆ ಜಾಸ್ತಿ ಹಿಡಿಸತ್ತೆ. ನಮಗ್ಯಾಕೆ ಹೊಳೀಲಿಲ್ಲ ಇದು?

ಗೋಡೆಗೆ ಒರಗಿ ಕೂತ್ವಿ. ಅಣ್ಣ ತಲೆ ತಿರುಗಿಸ್ತಾ ಆಡ್ತಾನೆ — ಕಿಟಕಿ ನೋಡ್ತಾನೆ, ಬಾಗಿಲು ನೋಡ್ತಾನೆ, ಹೊಡೀತಾನೆ. ನಿಧಾನ. ಸತ್ವಿ. ಆದ್ರೆ ಸೇತುವೆ ಆಚೆ ಸತ್ವಿ.

ಮಾರ್ಚ್ 22, ಸಂಜೆ

ಬೆಳಿಗ್ಗೆ ಅವನ ಜೊತೆ ನಡೆದೆ, ಬೇಕರಿವರೆಗೂ. ಸ್ಕೂಲ್ ತಿರುವಲ್ಲಿ ಅವನು ಒಂದು ಹೆಜ್ಜೆ ರಸ್ತೆಗಿಟ್ಟ. "ಬಾಗಿಲು!" ಅಂದೆ. ತಕ್ಷಣ ನಿಂತ. ಸೈಕಲ್ ಒಂದು ಅಂಗಿಗೆ ಸವರಿ ಹೋಯ್ತು. ಅವನು ಆ ಕಡೆ ನೋಡಿದ, ಆಮೇಲೆ ನನ್ನ ನೋಡಿದ. "ಈ ಸಲ ಲೇಟಿಲ್ಲ" ಅಂದ. ನಂಗೆ ಅಳು ಬಂತು, ಕೆಮ್ಮಿದೆ.

ಮುದುಕಪ್ಪ ಇನ್ನೂ ಕಾಯ್ತಿದ್ದಾನೆ, ಬರಹ ಎಲ್ಲಿ ಅಂತ. ಹಳೇದು ಅಳಿಸಿದೀನಿ. ಹೊಸದು:

ಮೆಚ್ಚಿದ್ದು: ಏಟಿಗೆ ತೂಕ. ಕೊನೇ ರಾಕ್ಷಸ — ಕಾಲಿಗೆ ದೊಡ್ಡ ಗಂಟೆ ಕಟ್ಟಿದ್ದಾರೆ. ಹೊಡೆಯೋ ಮುಂಚೆ, ಅವನು ಯಾವ ಕಡೆಯಿಂದ ಬರ್ತಾನೋ ಆ ಕಡೆಯಿಂದ ಗಂಟೆ ಸದ್ದು ಕೇಳತ್ತೆ. ಕಣ್ಣಿಗೆ ಕಾಣದಿದ್ರೂ ಕಿವಿಗೆ ಹೇಳತ್ತೆ. ಯಾರು ಯೋಚನೆ ಮಾಡಿದ್ರೋ, ಅವರಿಗೆ ಕೈ ಮುಗೀಬೇಕು. ಇನ್ನೊಂದು: ಇಬ್ರು ಕೂತು ಆಡೋ ಹಾಗಿರೋದು.

ಚುಚ್ಚಿದ್ದು: ನಾಯಿಗಳಿಗೂ ಒಂದೊಂದು ಗಂಟೆ ಕಟ್ಟಬಾರದಿತ್ತಾ? ಇನ್ನೊಂದು, ಕ್ಯಾಮೆರಾ ಬಗ್ಗೆ ನಾನು ಮೊದಲು ಬರೆದಿದ್ದು ತಪ್ಪು, ಅದು...

ತಡಿ, ಅಣ್ಣ ಕರೀತಿದ್ದಾನೆ. ಗಂಟೆ ರಾಕ್ಷಸನ ಎದುರು ಒಬ್ಬನೇ ನಿಂತಿದ್ದಾನೆ. "ಬಾರೇ ಮರಿ, ಗಂಟೆ ಬಾರಿಸ್ತಿದೆ, ಕಿಟಕಿ ಕಡೆ ಕಣೇ, ಕಿಟಕಿ" — ಈ ಸಲ ಅವನೇ ನಂಗೆ ಕೂಗ್ತಿದ್ದಾನೆ.