ಅತ್ತೆ ಕೊಟ್ಟ ರೆಕಾರ್ಡು

ಮಾರ್ಚ್ ೧೪, ಗುರುವಾರ

ಅತ್ತೆಗೆ ಏನೆಂದು ಹೇಳಲಿ? ಅವರ ತಾಯಿ ಹಾಡಿದ್ದ ಒಂದೇ ಒಂದು ರೆಕಾರ್ಡನ್ನು ಇವತ್ತು ಕೈಯಾರೆ ಹಾಳು ಮಾಡಿದೆ. 'ನೀನು ತಿಳಿದವನು, ಸ್ವಲ್ಪ ಒರೆಸಿ ಕೇಳಿಸಪ್ಪ' ಎಂದು ಟವೆಲಿನಲ್ಲಿ ಸುತ್ತಿ ತಂದುಕೊಟ್ಟಿದ್ದರು. ಇಪ್ಪತ್ತು ವರ್ಷದಿಂದ ನನ್ನ ವಿನೈಲ್ ರೆಕಾರ್ಡುಗಳಿಗೆ ಹಚ್ಚುವ ಸ್ಪಿರಿಟ್ಟನ್ನೇ ಇದಕ್ಕೂ ಹಚ್ಚಿದೆ. ಬಟ್ಟೆ ಕಪ್ಪಾಯಿತು. ಕೊಳೆ ಬಿಡುತ್ತಿದೆಯೆಂದು ಖುಷಿಯಿಂದ ಇನ್ನಷ್ಟು ಉಜ್ಜಿದೆ. ಇದು ಹಳೆಯ ಅರಗಿನ ರೆಕಾರ್ಡು, ಸ್ಪಿರಿಟ್ಟಿಗೆ ಕರಗುತ್ತದೆ ಎಂಬುದು ಗೊತ್ತಿದ್ದೂ ಮರೆತಿದ್ದೆ. ಮುಳ್ಳಿಟ್ಟರೆ ಬರೀ ಗೊರಗೊರ ಸದ್ದು.

ಸಂಜೆ ಅತ್ತೆಯೇ ಫೋನ್ ಮಾಡಿದರು.

'ಅಮ್ಮನ ದನಿ ಬಂತೇನೋ?'

'ಇನ್ನೂ ಒಣಗಿಲ್ಲ ಅತ್ತೆ.'

'ಇರ್ಲಿ, ನಿಧಾನಕ್ಕೆ ಮಾಡು. ಐವತ್ತು ವರ್ಷ ಕಾದಿದೀನಿ.'

ನಾಳೆ ಬೆಳಿಗ್ಗೆಯೇ ಹೋಗಿ ನಿಜ ಹೇಳಬೇಕು. ಅವರು ಬೈದರೆ ತಡೆದುಕೊಳ್ಳಬಹುದು. ಬೈಯದೆ, ಹೋಗಲಿ ಬಿಡು ಅಂದುಬಿಟ್ಟರೆ...